ನೆಲದ ಮೇಲೆ ಕೂರದವರು

ಮೈಕ್ ಕೈಗೆ ಬಂದ ಕೂಡಲೇ ಅವರು ಎರಡು ಸಲ ಊದುತ್ತಿದ್ದರು. ಆಮೇಲೆ "ಕೇಳಿಸ್ತಿದೆಯಾ?" ಎನ್ನುತ್ತಿದ್ದರು. ಹತ್ತು ಜನ ಸೇರಿದ ಡ್ರಾಯಿಂಗ್ ರೂಮಿನಲ್ಲೂ ಅವರಿಗೆ ಮೈಕ್ ಬೇಕು. ಅದಕ್ಕೆಂದೇ ಚಕ್ರವಿರುವ ಒಂದು ಕರಿ ಸ್ಪೀಕರನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಿರುಗುತ್ತಿದ್ದರು, ಬೇರೆಯವರು ಸ್ಟೆಪ್ನಿ ಇಟ್ಟುಕೊಳ್ಳುವ ಹಾಗೆ. ಹೋದ ತಿಂಗಳು ಅವರು ಮೆಲ್ಬರ್ನ್‌ನಲ್ಲಿ ತೀರಿಕೊಂಡರೆಂದು ವಾಟ್ಸ್ಆ್ಯಪ್‌ನಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಊದುವ ಸದ್ದು. ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ನನ್ನದು ಕೆಟ್ಟ ನಾಲಿಗೆ, ಮೊದಲೇ ಹೇಳಿಬಿಡುತ್ತೇನೆ. ನಾರ್ತ್ ಸಿಡ್ನಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಬೇರೆಯವರು ಮಾಡಿಟ್ಟದ್ದರಲ್ಲಿ ತಪ್ಪು ಹುಡುಕಿಯೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ. ಆದರೆ ಇವರ ವಿಷಯದಲ್ಲಿ ನಾನು ಹುಡುಕಿಕೊಂಡು ಹೋಗಬೇಕಾಗಿ ಬರಲಿಲ್ಲ. ಚಾಟ್ಸ್‌ವುಡ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ, ಒಂದೇ ಮಹಡಿಯಲ್ಲಿ, ಎದುರುಬದುರು ಬಾಗಿಲಲ್ಲಿ ಇದ್ದೆವು.

ಬೆಂಗಳೂರಿನವರು, ಸಿವಿಲ್ ಎಂಜಿನಿಯರು, ಇಲ್ಲೇ ಕಾಯಂ ನೆಲೆಸಲು ಪಿಆರ್ ಪಡೆದ ಹಳೆಯ ತಲೆಗಳಲ್ಲಿ ಒಬ್ಬರು. ಸದಾ ಯಾವುದೋ ಒಂದು ಸಂಘದ ಅಧ್ಯಕ್ಷರಾಗಿರುತ್ತಿದ್ದರು. ಒಂದರಲ್ಲಿ ಚುನಾವಣೆ ಸೋತರೆ ಇನ್ನೊಂದನ್ನು ಕಟ್ಟುತ್ತಿದ್ದರು. ನಾನು ಅವರನ್ನು ಎದುರಿಗೂ "ಅಧ್ಯಕ್ಷರೇ" ಎಂದೇ ಕರೆಯುತ್ತಿದ್ದೆ. ಅದರಲ್ಲಿದ್ದ ಕುಹಕ ಒಮ್ಮೆಯೂ ಅವರಿಗೆ ತಟ್ಟಲಿಲ್ಲ. "ಕ್ವಿಕ್ಕಾಗಿ ಎರಡೇ ಮಾತು" ಎಂದು ಶುರುಮಾಡಿ ಅನ್ನ ಆರಿ ಕಲ್ಲಾಗುವವರೆಗೆ ಮಾತಾಡುತ್ತಿದ್ದರು. ಒಮ್ಮೆ ನಮ್ಮವರೊಬ್ಬರ ತಂದೆ ತೀರಿಕೊಂಡಾಗ, ಚಿತಾಗಾರದ ಹಾಲ್‌ನಲ್ಲಿ ಶವಪೆಟ್ಟಿಗೆಯ ಪಕ್ಕ ನಿಂತು, ಮೈಕ್ ಎರಡು ಸಲ ಊದಿ, "ಎಲ್ಲರಿಗೂ ಶುಭೋದಯ" ಎಂದರು. ಯಾರೋ ಚಪ್ಪಾಳೆ ಕೂಡ ತಟ್ಟಿದರು.

ಅವರು ನೆಲದ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಯಾರ ಮನೆಯ ಸತ್ಯನಾರಾಯಣ ಪೂಜೆಯಾದರೂ ಸರಿ, ನಾವೆಲ್ಲ ಜಮಖಾನದ ಮೇಲಿದ್ದರೆ ಅವರೊಬ್ಬರು ಸೋಫಾದ ಮೇಲೆ. "ಮಂಡಿ ಪ್ರಾಬ್ಲಮ್ಮು, ಡಾಕ್ಟರ್ ಸ್ಟ್ರಿಕ್ಟಾಗಿ ಹೇಳಿದಾರೆ" ಎನ್ನುತ್ತಿದ್ದರು. ಅದೇ ಮಂಡಿ ಶನಿವಾರ ಬೆಳಿಗ್ಗೆ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಮೊಲದ ಹಾಗೆ ಹಾರುತ್ತಿತ್ತು. ವಿಷಯ ಮಂಡಿಯದ್ದಲ್ಲ. ಹತ್ತು ತಲೆಗಳ ಸಾಲಿನಲ್ಲಿ ತಮ್ಮದೂ ಒಂದಾಗುವುದು ಅವರಿಗೆ ಆಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಅವರು ನಗೆಪಾಟಲಿನ ಮನುಷ್ಯರಾಗಿ ಉಳಿಯುತ್ತಿದ್ದರು. ಅಂಥವರು ಪ್ರತಿ ಸಬರ್ಬಿಗೊಬ್ಬರಿದ್ದಾರೆ. ಅವರ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಅವರ ಹೆಂಡತಿಯ ಕಾರಣಕ್ಕೆ. ಮೈಸೂರಿನವರು. ನಾನು ಅಕ್ಕ ಎಂದು ಕರೆಯುತ್ತೇನೆ.

ಅವರಿಗೆ ಒಬ್ಬನೇ ಮಗನಿದ್ದ. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ. ಲಿಫ್ಟಿನಲ್ಲಿ ಸಿಕ್ಕಾಗ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ. ಆದರೆ ನನ್ನ ಕೈಯಲ್ಲಿದ್ದ ತರಕಾರಿ ಚೀಲವನ್ನು ಕೇಳದೆಯೇ ತೆಗೆದುಕೊಳ್ಳುತ್ತಿದ್ದ. ಒಂದು ಬೇಸಿಗೆಯಲ್ಲಿ ಗೆಳೆಯರ ಜೊತೆ ಸಮುದ್ರಕ್ಕಿಳಿದವನು ನೀರಿನ ಸೆಳೆತಕ್ಕೆ ಸಿಕ್ಕಿ ಮೇಲೆ ಬರಲಿಲ್ಲ.

ಕರ್ಮಗಳೆಲ್ಲ ಮುಗಿದ ಮಾರನೆಯ ಬೆಳಿಗ್ಗೆಯೇ ಅಧ್ಯಕ್ಷರು ಟೈ ಕಟ್ಟಿಕೊಂಡು ಆಫೀಸಿಗೆ ಹೊರಟರು. ಗಂಡಸು ಅಳದಿದ್ದರೆ ನಾನೇನೂ ತಪ್ಪು ಹೇಳುವವಳಲ್ಲ. ಒಬ್ಬೊಬ್ಬರಿಗೆ ಒಂದೊಂದು ರೀತಿ. ಆದರೆ ಅವರು ಅಕ್ಕನನ್ನೂ ಅಳಗೊಡಲಿಲ್ಲ. "ಲೈಫ್ ಗೋಸ್ ಆನ್. ಮನೆಯೊಳಗೆ ನೆಗೆಟಿವಿಟಿ ಬೇಡ" ಎಂದರು. ಮಗನ ಫೋಟೊ ವಾರ್ಡ್‌ರೋಬಿನ ಮೇಲಕ್ಕೆ ಹೋಯಿತು. ಅವನ ರೂಮು ಅವರ ವಿಡಿಯೊ ಭಾಷಣಗಳ ಸ್ಟುಡಿಯೊ ಆಯಿತು. ಅಕ್ಕ ಅವನ ಹೆಸರೆತ್ತಿದರೆ "ನಂಗೆ ಬಿಪಿ ಇದೆ, ಗೊತ್ತಲ್ಲ" ಎಂದು ಎದ್ದು ಹೋಗುತ್ತಿದ್ದರು.

ವರ್ಷ ತುಂಬುವಾಗ ಅಕ್ಕ ಮೆಲ್ಲಗೆ ಕೇಳಿದರಂತೆ, ಆ ದಿನ ಮನೆಯಲ್ಲಿ ಏನಾದರೂ ಮಾಡೋಣವೇ ಎಂದು. "ಅಪ್ಪ ಮಗನಿಗೆ ಶ್ರಾದ್ಧ ಮಾಡೋ ಪದ್ಧತಿ ಇಲ್ಲ. ಪುರೋಹಿತರನ್ನ ಕೇಳಿದೀನಿ" ಎಂದರು ಇವರು. ಕೇಳಿದ್ದರೋ ಇಲ್ಲವೋ ಆ ಪುರೋಹಿತರೇ ಹೇಳಬೇಕು. ಅಷ್ಟೇ ಅಲ್ಲ, ಆ ದಿನಕ್ಕೆ ಸರಿಯಾಗಿ ಕ್ರೂಸ್ ಬುಕ್ ಮಾಡಿದರು. ಚೇಂಜ್ ಬೇಕಂತೆ. ಮಗನನ್ನು ನುಂಗಿದ ಸಮುದ್ರದ ಮೇಲೆ ಹೆಂಡತಿಗೆ ಬಫೆ ತಿನ್ನಿಸಲು ಕರೆದುಕೊಂಡು ಹೋದ ಮನುಷ್ಯ ಇವರು. ಹಡಗಿನ ಕಟಕಟೆಗೆ ಒರಗಿ ಹೆಬ್ಬೆರಳೆತ್ತಿದ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದರು. ಪಕ್ಕದಲ್ಲಿ ಅಕ್ಕ ನೀರಿಗೆ ಬೆನ್ನು ಹಾಕಿ ನಿಂತಿದ್ದರು.

ಅಕ್ಕನಿಗೆ ಬೇಕಾಗಿದ್ದದ್ದು ಒಂದು ದಿನ. ವರ್ಷಕ್ಕೆ ಒಂದೇ ದಿನ, ಮಗನ ಹೆಸರು ಹೇಳಿ ಬಾಯಿಬಿಟ್ಟು ಅಳುವುದಕ್ಕೆ. ಅದನ್ನು ಕೊಡುವುದು ಅವರಿಂದಾಗಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಒಬ್ಬ ಯಹೂದಿ ಅಜ್ಜಿ ಇದ್ದರು. ಹಂಗೆರಿಯಿಂದ ಎಳೆಯ ವಯಸ್ಸಿನಲ್ಲಿ ಬಂದವರು, ಫಾರ್ಮಸಿ ನಡೆಸಿ ನಿವೃತ್ತರಾದವರು, ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುತ್ತ ಹೋಗಿಬರುವವರನ್ನೆಲ್ಲ ಅಳೆಯುತ್ತಿದ್ದವರು. ನನಗೂ ಅವರಿಗೂ ಬೇಗ ಹೊಂದಿಕೆಯಾಯಿತು. ಸಿನಗಾಗ್‌ಗೆ ಹೋಗುವವರಲ್ಲ. "ದೇವರ ಜೊತೆ ನಾನು ಮಾತು ಬಿಟ್ಟು ಬಹಳ ಕಾಲವಾಯ್ತು" ಎನ್ನುತ್ತಿದ್ದರು. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಒಂದು ಚಳಿಗಾಲದ ಬೆಳಿಗ್ಗೆ, ಮಳೆ ಹನಿಯುತ್ತಿತ್ತು, ಅಧ್ಯಕ್ಷರು, ಅಕ್ಕ, ನಾನು ಒಟ್ಟಿಗೆ ಕೆಳಗಿಳಿದಾಗ ಟಪಾಲು ಡಬ್ಬಿಗಳ ಹತ್ತಿರ ಅಜ್ಜಿ ಎದುರಾದರು. ತಲೆ ಬಾಚಿರಲಿಲ್ಲ. ಆ ಮಳೆಯಲ್ಲಿ ಕಾಲಿಗೆ ತೆಳ್ಳನೆಯ ಕ್ಯಾನ್ವಾಸ್ ಶೂ. ಅಕ್ಕ ನಗುತ್ತ "ಗುಡ್ ಮಾರ್ನಿಂಗ್, ಹೌ ಆರ್ ಯೂ" ಎಂದರು. ಅಜ್ಜಿ ತಲೆಯನ್ನು ಅರೆಬರೆ ಆಡಿಸಿ ಒಳಗೆ ಹೋಗಿಬಿಟ್ಟರು. ಅಧ್ಯಕ್ಷರು ಕೆಂಡವಾದರು.

"ನೋಡಿದ್ಯಾ ಆಟಿಟ್ಯೂಡು? ಪಕ್ಕಾ ರೇಸಿಸ್ಟು. ಸ್ಟ್ರಾಟಾ ಮೀಟಿಂಗ್‌ನಲ್ಲಿ, ಓನರ್ಸ್ ಎಲ್ಲರ ಮುಂದೆ, ಇಶ್ಯೂ ಮಾಡ್ತೀನಿ ನಾನು."

ಮಾರನೆಯ ದಿನ ಅಜ್ಜಿ ತಾವೇ ಮೇಲೆ ಬಂದು ಅಕ್ಕನ ಬಾಗಿಲು ತಟ್ಟಿದರು. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. "ನಿನ್ನೆ ನಾನು ಯಾರಿಗೂ ನಮಸ್ಕಾರ ಹೇಳುವ ಹಾಗಿರಲಿಲ್ಲ. ಹೇಳಿದವರಿಗೆ ಸಣ್ಣಗೆ ತಲೆಯಾಡಿಸಬಹುದು, ಅಷ್ಟೇ" ಎಂದು ಕೂತರು.

ಆ ದಿನದ ಹೆಸರು ತಿಶಾ ಬಾವ್. ಅವರ ಆವ್ ತಿಂಗಳ ಒಂಬತ್ತನೆಯ ದಿನ. ಜೆರುಸಲೇಮಿನ ದೇವಾಲಯವನ್ನು ಬ್ಯಾಬಿಲೋನಿನವರು ಸುಟ್ಟರು. ಯಹೂದಿಗಳು ಮತ್ತೆ ಕಟ್ಟಿಕೊಂಡರು. ಆರು ಶತಮಾನ ಮಿಕ್ಕಿದ ಮೇಲೆ ಅದನ್ನು ರೋಮನ್ನರು ಸುಟ್ಟರು. ಎರಡೂ ಅದೇ ದಿನ ಎಂದು ಅವರ ನಂಬಿಕೆ. ಹಿಂದಿನ ಸೂರ್ಯಾಸ್ತದಿಂದ ಮರುದಿನ ಕತ್ತಲಾಗುವವರೆಗೆ ಊಟವಿಲ್ಲ, ನೀರಿಲ್ಲ, ಸ್ನಾನವಿಲ್ಲ, ಚರ್ಮದ ಜೋಡು ಹಾಕುವ ಹಾಗಿಲ್ಲ, ಯಾರೂ ಯಾರಿಗೂ ಶುಭ ಕೋರುವ ಹಾಗಿಲ್ಲ. ಉಪವಾಸಕ್ಕೆ ಮುಂಚಿನ ಕೊನೆಯ ತುತ್ತು ಬೂದಿಗೆ ಅದ್ದಿದ ಬೆಂದ ಮೊಟ್ಟೆ, ಅದನ್ನೂ ಒಬ್ಬೊಬ್ಬರೇ ಕೂತು ತಿನ್ನುವುದು. ಸಿನಗಾಗ್‌ನಲ್ಲಿ ದೀಪ ತಗ್ಗಿಸಿ, ನೆಲದ ಮೇಲೆ ಕೂತು, ಹಾಳುಬಿದ್ದ ಊರನ್ನು ವಿಧವೆಯೆಂದು ಕರೆಯುವ ಶೋಕಗೀತೆಗಳನ್ನು ಓದುತ್ತಾರೆ. ಈಗಿನ ಹುಡುಗರು ಮೊಬೈಲ್ ಟಾರ್ಚಿನಲ್ಲಿ ಓದುತ್ತಾರಂತೆ.

"ಎರಡು ಸಾವಿರ ವರ್ಷದ ಹಿಂದಿನದ್ದಕ್ಕೆ ಈಗಲೂ ಅಳು ಬರುತ್ತಾ?" ಎಂದು ನಾನು ಕೇಳಿದೆ. ನನ್ನ ನಾಲಿಗೆ ಗೊತ್ತಲ್ಲ.

"ಕಟ್ಟಡಕ್ಕೆ ಯಾರು ಅಳುತ್ತಾರೆ?" ಎಂದರು ಅಜ್ಜಿ. "ಅದೊಂದು ಗೂಟ. ಆಮೇಲೆ ಬಂದ ಕೇಡನ್ನೆಲ್ಲ ನಮ್ಮವರು ಅದಕ್ಕೇ ಕಟ್ಟುತ್ತ ಬಂದರು. ನಮ್ಮನ್ನು ಸ್ಪೇನಿನಿಂದ ಓಡಿಸಿದ್ದನ್ನು ಅಲ್ಲಿಗೇ ಸೇರಿಸಿದರು. ನನ್ನ ಅಜ್ಜಿಯನ್ನು, ಇಬ್ಬರು ಚಿಕ್ಕಮ್ಮಂದಿರನ್ನು ನಾಜಿಗಳು ಸಾವಿನ ಶಿಬಿರದ ರೈಲಿಗೆ ಹತ್ತಿಸಿದರು. ಯಾವ ದಿನ ಸತ್ತರೋ ಹೇಳಲಿಕ್ಕೆ ಯಾರೂ ಉಳಿಯಲಿಲ್ಲ. ಅವರಿಗೆ ತಿಥಿಯಿಲ್ಲ. ಹಾಗಾಗಿ ನಾನು ಅವರನ್ನೂ ಅದೇ ದಿನಕ್ಕೆ ಸೇರಿಸಿಕೊಂಡಿದ್ದೇನೆ. ಯಾರ ಅಪ್ಪಣೆಯೂ ಬೇಕಾಗಿಲ್ಲ."

ಅಕ್ಕ ಕಾಫಿ ಲೋಟವನ್ನು ಕೆಳಗಿಟ್ಟಿದ್ದರು. "ಆಮೇಲೆ?" ಎಂದರು.

"ಆಮೇಲೇನು, ಮಧ್ಯಾಹ್ನ ನೆಲದಿಂದ ಎದ್ದು ಕುರ್ಚಿಗೆ ಬರುತ್ತೇವೆ. ಕೆಲವರು ಹೊತ್ತು ಇಳಿಯುವಾಗ ಮನೆ ಗುಡಿಸುತ್ತಾರೆ, ಉದ್ಧಾರ ಮಾಡುವವನು ಅವತ್ತೇ ಹುಟ್ಟುತ್ತಾನೆ ಅಂತ. ನನಗೆ ಆ ಭ್ರಮೆಯಿಲ್ಲ, ಆದರೂ ಗುಡಿಸುತ್ತೇನೆ. ಕಸ ಇರುತ್ತದಲ್ಲ. ಮಾರನೆಯ ದಿನ ಬಟ್ಟೆ ಒಗೆಯುತ್ತೇವೆ. ಇಡೀ ವರ್ಷ ಅಳುತ್ತ ಕೂತರೆ ಬಟ್ಟೆ ಒಗೆಯುವವರು ಯಾರು? ಒಂದು ದಿನವೂ ಅಳದಿದ್ದರೆ ಅದು ಮನೆಯ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ."

ಅಕ್ಕ ಅವರಿಗೆ ನಮ್ಮದೊಂದು ರೂಢಿಯನ್ನು ಹೇಳಿದರು. ಸಾವಾದ ಮನೆಯಿಂದ ಹೊರಡುವಾಗ ನಾವು "ಹೋಗಿ ಬರ್ತೀನಿ" ಅನ್ನುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತೇವೆ ಎಂದು. ಅಜ್ಜಿಗೆ ಅದು ಬಹಳ ಹಿಡಿಸಿತು. ಅವತ್ತು ಅವರೂ ಏನೂ ಹೇಳದೆ ಎದ್ದು ಹೋದರು.

ಆ ಸಂಜೆಯೇ ಅಕ್ಕ ಗಂಡನಿಗೆ ಎಲ್ಲವನ್ನೂ ಹೇಳಿ, ನಮಗೂ ಹಾಗೊಂದು ದಿನ ಇಟ್ಟುಕೊಳ್ಳೋಣ ಎಂದು ಕೇಳಿದರಂತೆ. ಮರುದಿನ ನನ್ನ ಬಾಗಿಲಿಗೆ ಬಂದರು, ಖುಷಿಗೆ ಕೆನ್ನೆ ಕೆಂಪಾಗಿತ್ತು. "ಒಪ್ಪಿದ್ರು ಕಣೇ! ಮಧ್ಯೆ ಬಾಯಿ ಹಾಕ್ದೆ ಪೂರ್ತಿ ಕೇಳಿದ್ರು. ಬ್ರಿಲಿಯಂಟ್ ಐಡಿಯಾ, ನೆಕ್ಸ್ಟ್ ಇಯರ್ ಗ್ರ್ಯಾಂಡಾಗೇ ಮಾಡೋಣ ಅಂದ್ರು."

ಆ ಗ್ರ್ಯಾಂಡ್ ಎಂಬ ಮಾತಿಗೇ ನನಗೆ ಅನುಮಾನ ಬಂದಿತ್ತು.

ಮುಂದಿನ ವರ್ಷ ಗುಂಪಿನಲ್ಲಿ ಬಣ್ಣದ ಫ್ಲೈಯರ್ ಬಂತು. "ಹಂಪಿ ಶೋಕ ದಿನ. ಆಸ್ಟ್ರೇಲಿಯಾದಲ್ಲಿ ಪ್ರಪ್ರಥಮ ಬಾರಿಗೆ." ಕೆಳಗೆ ಅಧ್ಯಕ್ಷರ ಫೋಟೊ, ಕೈಕಟ್ಟಿ ನಿಂತದ್ದು. ಅದರ ಕೆಳಗೆ ಮನೆಸಾಲ ಕೊಡಿಸುವ ಮಾರ್ಟ್‌ಗೇಜ್ ಬ್ರೋಕರ್ ಒಬ್ಬರ ನಗುಮುಖ, ಪ್ರಾಯೋಜಕರು. "ನಂತರ ರುಚಿಕರ ಭೋಜನ." ಹೆಂಡತಿ ಮಗನಿಗಾಗಿ ಬೇಡಿದ ದಿನವನ್ನು ಈ ಮನುಷ್ಯ ಎತ್ತಿಕೊಂಡು ಹೋಗಿ ಶತಮಾನಗಳ ಹಿಂದೆ ಹಾಳಾದ ಊರಿಗೆ ಕೊಟ್ಟಿದ್ದರು. ಹಂಪಿಯ ಮೇಲೆ ನನಗೆ ತಕರಾರಿಲ್ಲ. ನಾನು ಹೊಸಪೇಟೆಯವಳು, ಆ ಕಲ್ಲುಗಳ ನಡುವೆ ಆಡಿ ಬೆಳೆದವಳು. ಅವರು ಹಂಪಿಗೆ ಹೋಗಿದ್ದು ಒಂದೇ ಸಲ, ರೆಸಾರ್ಟಿನಲ್ಲಿ ಉಳಿದು, ಬಿಸಿಲು ಜಾಸ್ತಿ ಎಂದು ಮಧ್ಯಾಹ್ನವೇ ವಾಪಸ್ಸಾದವರು.

"ಏನ್ರಿ ಅಧ್ಯಕ್ಷರ, ಅಕ್ಕ ಕೇಳಿದ್ದು ಇದನ್ನ?" ಎಂದು ನಾನು ಲಿಫ್ಟಿನಲ್ಲೇ ಕೇಳಿದೆ.

"ಅವಳಿಗೆ ಎಲ್ಲಾ ಪರ್ಸನಲ್ಲಾಗಿ ತಗೊಳ್ಳೋ ಅಭ್ಯಾಸ. ನಾವು ಬಿಗ್ಗರ್ ಪಿಕ್ಚರ್ ನೋಡ್ಬೇಕು" ಎಂದರು. ಲಿಫ್ಟಿನ ಕನ್ನಡಿಯಲ್ಲಿ ತಲೆ ಸರಿಮಾಡಿಕೊಂಡರು.

ದಿನವನ್ನು ಅವರು ಬದಲಿಸಲಿಲ್ಲ. ತಿಶಾ ಬಾವ್ ಇರುವ ದಿನವೇ ಆಗಬೇಕು, ಆಗಲೇ ಇಂಟರ್‌ನ್ಯಾಷನಲ್ ಎನ್ನಿಸುತ್ತದೆ. ಆ ವರ್ಷ ಅದು ಶನಿವಾರ ಬಿದ್ದಿತ್ತು. ಶನಿವಾರ ಯಹೂದಿಗಳ ಸಬ್ಬತ್, ಸಂತೋಷದ ದಿನ, ಅಳುವ ಹಾಗಿಲ್ಲ. ಹಾಗೆ ಬಂದಾಗ ಶೋಕವನ್ನು ಭಾನುವಾರಕ್ಕೆ ತಳ್ಳುತ್ತಾರೆ. ಅದನ್ನು ಕೇಳಿ ಅಧ್ಯಕ್ಷರಿಗೆ ಎಂಥ ಖುಷಿ! "ಸಂಡೇ! ಪಾರ್ಕಿಂಗ್ ಈಸಿ" ಎಂದರು. ನಮ್ಮ ಪಂಚಾಂಗದಲ್ಲೂ ಆಸುಪಾಸು ನವಮಿ ಎಂದು ಗೊತ್ತಾದ ಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ಚಂದ್ರನನ್ನು ನೋಡಿ ತಿಂಗಳೆಣಿಸುವವರಿಗೆಲ್ಲ ಒಂಬತ್ತನೆಯ ದಿನ ಒಂಬತ್ತಕ್ಕೇ ಬರುತ್ತದೆ ಎಂದು ನಾನೆಂದೆ. ಅವರು ಅದರಲ್ಲಿ ಎರಡು ಸಂಸ್ಕೃತಿಗಳ ಗುಪ್ತ ನಂಟನ್ನು ಕಂಡರು.

ಭಾಷಣಕ್ಕೆ ಸರಕು ಬೇಕಿತ್ತು. ಹಿಂದಿನ ವರ್ಷ ರೇಸಿಸ್ಟ್ ಆಗಿದ್ದ ಅಜ್ಜಿಯ ಮನೆಗೆ ಮೊಬೈಲ್ ಹಿಡಿದು ಇಂಟರ್‌ವ್ಯೂ ಮಾಡಲು ಹೋದರು. ನನ್ನನ್ನು ವಿಡಿಯೊ ಹಿಡಿಯಲು ಕರೆದೊಯ್ದರು.

"ಎನಿಮಿ ಯಾರು ಅನ್ನೋದನ್ನ ಸ್ವಲ್ಪ ಸ್ಟ್ರಾಂಗಾಗಿ ಹೇಳಿ, ಪ್ಲೀಸ್" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ರೋಮನ್ನರು ಸುಟ್ಟರು" ಎಂದರು ಅಜ್ಜಿ. "ಆದರೆ ನಮ್ಮ ಹಿರಿಯರು ನಮಗೆ ಕಲಿಸಿದ್ದು ಬೇರೆ. ಎರಡನೆಯ ದೇವಾಲಯ ಬಿದ್ದದ್ದು ನಾವು ನಾವೇ ಕಾರಣವಿಲ್ಲದೆ ದ್ವೇಷಿಸಿಕೊಂಡಿದ್ದಕ್ಕೆ ಅಂತ. ಒಬ್ಬ ಶ್ರೀಮಂತ ತನ್ನ ಔತಣಕ್ಕೆ ತಪ್ಪಿ ಬಂದವನನ್ನು ಎಲ್ಲರೆದುರು ಕೈಹಿಡಿದು ಹೊರಹಾಕಿದನಂತೆ. ಅಲ್ಲಿದ್ದ ಪಂಡಿತರು ಊಟ ಮಾಡುತ್ತಲೇ ಇದ್ದರಂತೆ. ಊರು ಸುಟ್ಟದ್ದು ಅಲ್ಲಿಂದ ಶುರುವಾಯಿತು ಅಂತ ಕತೆ."

ಅಧ್ಯಕ್ಷರು ನನ್ನ ಕಡೆ ತಿರುಗಿ, "ಇದನ್ನ ಕಟ್ ಮಾಡಿ. ಸ್ಲೈಡ್‌ನಲ್ಲಿ ಕನ್‌ಫ್ಯೂಸ್ ಆಗುತ್ತೆ" ಎಂದರು. ಆಮೇಲೆ ಅಜ್ಜಿಯನ್ನೇ ಮುಖ್ಯ ಅತಿಥಿಯಾಗಿ ಆಹ್ವಾನಿಸಿದರು. ಅಜ್ಜಿ ಅವರ ಮುಖಕ್ಕೆ ಹೊಗೆಬಿಟ್ಟರು, ಒಪ್ಪಲಿಲ್ಲ. ಅವರು ಬರಲು ಒಪ್ಪಿದ್ದು ಅಕ್ಕ ಹೋಗಿ ಕೇಳಿದ ಮೇಲೆ. "ನೀವು ಸ್ಟೇಜಿಗೆ ಬರ್ಬೇಡಿ. ನನ್ ಪಕ್ಕ ಕೂತ್ಕೊಳ್ಳಿ ಸಾಕು. ನಂಗೆ ಪಕ್ಕ ಯಾರಾದ್ರೂ ಬೇಕು" ಎಂದಿದ್ದರಂತೆ.

ಆ ಭಾನುವಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬಾಡಿಗೆಯ ಹಾಲ್, ಬಲೂನು ಮಾತ್ರ ಇರಲಿಲ್ಲ. ರೇಷ್ಮೆ ಸೀರೆಗಳು, ಮಲ್ಲಿಗೆಯ ಸೆಂಟು, ಹಿಂದಿನಿಂದ ವಾಂಗೀಬಾತಿನ ವಾಸನೆ. ನಿರೂಪಕಿ ಮೈಕ್ ಹಿಡಿದು "ಶೋಕ ದಿನದ ಹಾರ್ದಿಕ ಶುಭಾಶಯಗಳು! ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ನೋಡೋಣ" ಎಂದಳು. ತಟ್ಟಿದರು. ದೀಪ ಬೆಳಗಿದರು. ಅಧ್ಯಕ್ಷರು ಎರಡು ಸಲ ಊದಿದರು. "ಕೇಳಿಸ್ತಿದೆಯಾ?"

ಅಜ್ಜಿ ಅಷ್ಟು ಹೊತ್ತಿಗೆ ಬಂದರು. ಕೆದರಿದ ತಲೆ, ಹಳೆಯ ಕೋಟು, ಅದೇ ಕ್ಯಾನ್ವಾಸ್ ಶೂ. ಹಿಂದಿನ ಸಂಜೆಯಿಂದ ಒಂದು ಹನಿ ನೀರು ಕುಡಿದಿರದ, ಎಂಬತ್ತರ ಹತ್ತಿರದ ಹೆಂಗಸು. ಬಾಗಿಲಲ್ಲೇ ಸ್ವಾಗತ ಸಮಿತಿಯವರು ಮುತ್ತಿದರು. "ವೆಲ್ಕಮ್ ಆಂಟಿ! ಹ್ಯಾಪಿ ತಿಶಾ ಬಾವ್!" ಎಂದರು ಒಬ್ಬರು. ಪನ್ನೀರು ಚಿಮುಕಿಸಿದರು. ಕಲ್ಲುಸಕ್ಕರೆ ಹಿಡಿದರು. ಅಧ್ಯಕ್ಷರು ವೇದಿಕೆಯಿಂದಲೇ ಓಡಿಬಂದು, ಅವರ ಕೆದರಿದ ತಲೆಯ ಮೇಲೆ ಮೈಸೂರು ಪೇಟ ಇಟ್ಟು, ಶಾಲು ಹೊದೆಸಿ, ಉಪವಾಸದ ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಮೊಳ ಎತ್ತರದ ಬುಟ್ಟಿ, ಮೇಲೊಂದು ಅನಾನಸು. ಶುಭ ಕೋರಬಾರದ ದಿನ, ಉಡುಗೊರೆ ಕೊಡಬಾರದ ದಿನ, ತಿನ್ನಬಾರದ ದಿನ ಎಂದು ಅವರೇ ಸ್ಲೈಡಿನಲ್ಲಿ ಬರೆದುಕೊಂಡಿದ್ದರು. ಸತ್ಕಾರ ಮಾಡದೆ ಬಿಡುವುದು ನಮ್ಮ ಜನಕ್ಕೆ ಬರುವುದೇ ಇಲ್ಲ. ಇವರಂತೂ ಭುಜ ತಿರುಗಿಸಿ ಕ್ಯಾಮೆರಾದ ಕಡೆ ನಕ್ಕರು.

ಅಜ್ಜಿ ಬುಟ್ಟಿಯನ್ನು ಪಕ್ಕದ ಮೇಜಿನ ಮೇಲೆ ಇಳಿಸಿದರು. ಪೇಟ ತೆಗೆದು ಬುಟ್ಟಿಯ ಮೇಲಿಟ್ಟರು, ಶಾಲನ್ನು ಮಡಿಸಿ ಅದರ ಪಕ್ಕ ಇಟ್ಟರು. ಮುಂದಿನ ಸಾಲಿನಲ್ಲಿ ಅಕ್ಕ ಕೂತಿದ್ದಲ್ಲಿಗೆ ನಡೆದು ಹೋಗಿ, ವೇದಿಕೆಗೆ ಕಟ್ಟಿದ್ದ ಅಧ್ಯಕ್ಷರ ಬಣ್ಣಬಣ್ಣದ ಬ್ಯಾನರಿನ ಎದುರಿಗೇ, ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಕೂರುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ನಿಜವಾದ ಮಂಡಿನೋವು ಹೇಗಿರುತ್ತದೆಂದು ಆಗ ನೋಡಿದೆ.

"ಆಂಟಿ, ಚೇರ್ ಈಸ್ ದೇರ್" ಎಂದರು ಅಧ್ಯಕ್ಷರು ಮೈಕಿನಲ್ಲಿ.

ಅಕ್ಕ ಒಂದು ಕ್ಷಣ ಗಂಡನನ್ನು ನೋಡಿದರು. ಆಮೇಲೆ ರೇಷ್ಮೆ ಸೀರೆಯ ನೆರಿಗೆ ಒತ್ತಿಹಿಡಿದು, ಕುರ್ಚಿಯಿಂದ ಜಾರಿ, ಅಜ್ಜಿಯ ಪಕ್ಕ ನೆಲಕ್ಕೆ ಕೂತರು.

"ಏಳು, ಏಳು. ಲೈವ್ ಹೋಗ್ತಿದೆ" ಎಂದು ಅಧ್ಯಕ್ಷರು ಹಲ್ಲುಕಚ್ಚಿಕೊಂಡೇ ಹೇಳಿದರು. ಮೈಕ್ ಆನ್ ಇತ್ತು. ಇಡೀ ಹಾಲಿಗೆ ಕೇಳಿಸಿತು.

ಅಕ್ಕ ಏಳಲಿಲ್ಲ. ಮಗನ ಹೆಸರು ಹೇಳಿದರು. ಮೊದಲು ಸಣ್ಣದಾಗಿ, ಯಾರನ್ನೋ ಊಟಕ್ಕೆ ಕರೆಯುವ ಹಾಗೆ. ಆಮೇಲೆ ದೊಡ್ಡದಾಗಿ. ಹಾಲಿನಲ್ಲಿ ಅರ್ಧ ಜನಕ್ಕೆ ಅದು ಯಾರ ಹೆಸರೆಂದೇ ಗೊತ್ತಿರಲಿಲ್ಲ. ಅಷ್ಟು ಚೆನ್ನಾಗಿ ಒರೆಸಿಹಾಕಿದ್ದರು ಅವನನ್ನು. ಅಕ್ಕ ಹೊಟ್ಟೆ ಹಿಡಿದುಕೊಂಡು ಅತ್ತರು. ಅಜ್ಜಿ ತಬ್ಬಿಕೊಳ್ಳಲಿಲ್ಲ, ಸಮಾಧಾನ ಹೇಳಲಿಲ್ಲ, ಪಕ್ಕದಲ್ಲಿದ್ದರು ಅಷ್ಟೇ. ನಾನು ಎದ್ದು ಹೋಗಿ ಅಕ್ಕನ ಇನ್ನೊಂದು ಪಕ್ಕ ಕೂತೆ.

ಆಗ ಅಧ್ಯಕ್ಷರು ಏನು ಮಾಡಿದರು? ಮಗನ ಹೆಸರನ್ನು ಅಷ್ಟು ವರ್ಷದ ಮೇಲೆ ಹೆಂಡತಿಯ ಬಾಯಲ್ಲಿ ಕೇಳಿದ ತಂದೆ, ನಾಲ್ಕು ಮೆಟ್ಟಿಲು ಇಳಿದು ಬರಬಹುದಾಗಿದ್ದ ತಂದೆ, ನಿರೂಪಕಿಯ ಕಡೆ ಬಾಗಿ "ನೆಕ್ಸ್ಟ್ ಐಟಂ, ನೆಕ್ಸ್ಟ್ ಐಟಂ" ಎಂದರು. ಎಂಟು ಹುಡುಗಿಯರು ಬಂದು ಫ್ಯೂಷನ್ ಡ್ಯಾನ್ಸ್ ಮಾಡಿದರು.

ಅವತ್ತು ರಾತ್ರಿ ಮನೆಯಲ್ಲಿ ಅವರು ಕೂಗಾಡಿದ್ದು ನನ್ನ ಬಾಗಿಲಿನವರೆಗೆ ಕೇಳಿಸುತ್ತಿತ್ತು. "ನನ್ ಇಮೇಜ್ ಏನಾಗ್ಬೇಕು? ಕೌನ್ಸಿಲರ್ ಬಂದಿದ್ರು!" ಆಮೇಲೆ ನಿವೃತ್ತರಾದರು. ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಹೊಸ ಬಡಾವಣೆ, ಹೊಸ ಮನೆ. ಅಲ್ಲಿ ಕನ್ನಡದವರು ತುಂಬ ಬರುತ್ತಿದ್ದಾರೆ, ಗೈಡೆನ್ಸ್ ಬೇಕು ಎಂದು ಹೊರಟರು. ಸ್ಪೀಕರನ್ನು ಸಾಮಾನು ಸಾಗಿಸುವವರ ಕೈಗೆ ಕೊಡದೆ ತಾವೇ ಕಾರಿನಲ್ಲಿ ಒಯ್ದರು. ಅದೇ ಹೊತ್ತಿಗೆ ಅಜ್ಜಿಯನ್ನೂ ಅವರ ಸೋದರಸೊಸೆ ಮೆಲ್ಬರ್ನ್‌ನ ಕಾಲ್‌ಫೀಲ್ಡ್‌ನಲ್ಲಿರುವ ಒಂದು ವೃದ್ಧಾಶ್ರಮಕ್ಕೆ ಸೇರಿಸಿದರು. ಚಾಟ್ಸ್‌ವುಡ್‌ನಲ್ಲಿ ನಾನು ಬೈಯಲು ಯಾರೂ ಉಳಿಯಲಿಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದು ನಾನು ಟಾರ್ನೀಟ್‌ಗೆ ಹೋದೆ, ಅಕ್ಕನಿಗಾಗಿ. ಒಂದೇ ಅಚ್ಚಿನ ಮನೆಗಳ ಬೀದಿ. ಬಾಗಿಲಲ್ಲಿ ಅಲ್ಲಿನ ಸಂಘದ ಇಬ್ಬರು ನಿಂತಿದ್ದರು. "ಸಾರ್‌ಗೆ ಒಂದು ನುಡಿನಮನ ಮಾಡ್ಲೇಬೇಕು ಆಂಟಿ. ಹಾಲ್ ಟೆಂಟೆಟಿವ್ ಬುಕ್ ಮಾಡಿದೀವಿ. ಸ್ಪೀಕರ್ಸ್ ಎಲ್ಲಾ ಕನ್‌ಫರ್ಮ್ ಆಗಿದಾರೆ."

"ಬೇಡಪ್ಪ" ಎಂದರು ಅಕ್ಕ.

"ಸಾರೇ ಹೇಳಿದ್ರು ಆಂಟಿ, ಹೇಗೆ ಮಾಡ್ಬೇಕು ಅಂತ."

"ಅವರು ಹೇಳಿರ್ತಾರೆ. ಬೇಡ."

ಅವರು ಹೋದ ಮೇಲೆ ಒಳಗೆ ಕೂತೆವು, ಜಮಖಾನದ ಮೇಲೆ. ಗೋಡೆಯ ಮೇಲೆ ಮಗನ ಫೋಟೊ ಬಂದಿತ್ತು. ಗಂಡನದ್ದು ಇನ್ನೂ ಬಂದಿರಲಿಲ್ಲ. ಗರಾಜಿನ ಬಾಗಿಲು ತೆರೆದಿತ್ತು, ಕರಿ ಸ್ಪೀಕರಿನ ಮೇಲೆ ಆಗಲೇ ಉಪ್ಪಿನಕಾಯಿ ಜಾಡಿಗಳನ್ನಿಟ್ಟಿದ್ದರು.

ಆಗ ಅಕ್ಕ ನನಗೆ ಗೊತ್ತಿಲ್ಲದ್ದನ್ನು ಹೇಳಿದರು. ಟಾರ್ನೀಟ್‌ಗೆ ಬಂದ ಮೇಲೆ ಪ್ರತಿ ವರ್ಷ ತಿಶಾ ಬಾವ್ ದಿನ ಅವರು ರೈಲು ಹತ್ತಿ, ಸಿಟಿಯಲ್ಲಿ ಬದಲಿಸಿ, ಕಾಲ್‌ಫೀಲ್ಡ್‌ಗೆ ಹೋಗುತ್ತಿದ್ದರಂತೆ. ಯಹೂದಿಗಳೇ ಹೆಚ್ಚಿರುವ ಅಲ್ಲಿಯ ರಸ್ತೆಯಲ್ಲಿ ಗಂಡಸರು ಸೂಟು ಹಾಕಿ ಕೆಳಗೆ ಬ್ಯಾಡ್ಮಿಂಟನ್ ಶೂ ಹಾಕಿಕೊಂಡು, ಎದುರಾದರೂ ಮಾತಾಡದೆ ನಡೆಯುತ್ತಿರುತ್ತಾರಂತೆ. ಡಾಕ್ಟರು ಅಜ್ಜಿಗೆ ಉಪವಾಸ ಬಿಡಿಸಿದ್ದಾರೆ, ನೆಲವನ್ನು ಪೂರ್ತಿ ಬಿಡಿಸಲಾಗಿಲ್ಲ. ಒಂದು ಗಿಡ್ಡ ಸ್ಟೂಲಿನ ಮೇಲೆ ಅವರು, ಕೆಳಗೆ ಅಕ್ಕ. ಮಧ್ಯಾಹ್ನದವರೆಗೆ ಒಬ್ಬರು ಚಿಕ್ಕಮ್ಮಂದಿರ ಹೆಸರು, ಇನ್ನೊಬ್ಬರು ಮಗನ ಹೆಸರು. ಆಮೇಲೆ ಅಕ್ಕ ಅವರ ರೂಮು ಗುಡಿಸಿ, ಏನೂ ಹೇಳದೆ ಎದ್ದು ಬರುತ್ತಾರೆ.

"ಅಧ್ಯಕ್ಷರಿಗೆ ಏನ್ ಹೇಳಿ ಹೋಗ್ತಿದ್ರಿ?"

"ಶಾಪಿಂಗ್ ಅಂತಿದ್ದೆ. ಅವರಿಗೆ ಗೊತ್ತಿತ್ತು ಕಣೇ. ತಾವೇ ಸ್ಟೇಷನ್‌ಗೆ ಡ್ರಾಪ್ ಮಾಡೋರು. ಸಾಯಂಕಾಲ ಬರೋವಾಗ ಬರಿಗೈ ನೋಡಿದ್ರೂ ಏನೂ ಕೇಳ್ತಿರ್ಲಿಲ್ಲ. ಹೋದ್ಸಲ ಕಾರಿನಿಂದ ಇಳೀವಾಗ, ಆಂಟಿಗೆ ನನ್ ನಮಸ್ಕಾರ ಹೇಳು ಅಂದ್ರು."

"ಅವತ್ತು ನಮಸ್ಕಾರ ಹೇಳೂ ಹಂಗಿಲ್ಲ ಅಂತ ಇಷ್ಟ್ ವರ್ಷ ಆದ್ರೂ ತಲಿಗೆ ಹೋಗ್ಲಿಲ್ಲೇನು?" ಎಂದೆ.

"ಇಲ್ಲ" ಎಂದರು ಅಕ್ಕ. ನಗು ಬಂದಿತು ಅವರಿಗೆ, ಜೊತೆಗೇ ಕಣ್ಣೂ ತುಂಬಿತು.

ಗೊತ್ತಿದ್ದೂ ಕಾರಿನಲ್ಲೇ ಕೂತಿದ್ದರಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಏನೂ ಗೊತ್ತಿಲ್ಲದ ಮೂರ್ಖರನ್ನು ಸಹಿಸಬಹುದು. ಎಲ್ಲ ಗೊತ್ತಿದ್ದು ಎಂಜಿನ್ ಆನ್ ಇಟ್ಟುಕೊಂಡು ಕೂರುವ ಹೇಡಿಯನ್ನು ಏನು ಮಾಡುವುದು? ಅದನ್ನು ಅಕ್ಕನೆದುರು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

"ಪುರೋಹಿತರು ಕೇಳಿದ್ರು, ಮುಂದೆ ವರ್ಷ ವರ್ಷ ಶ್ರಾದ್ಧ ಯಾರು ಮಾಡ್ತಾರೆ ಅಂತ" ಎಂದರು ಅಕ್ಕ. "ಅಪ್ಪ ಮಗನಿಗೆ ಮಾಡೋ ಪದ್ಧತಿ ಇಲ್ಲ ಅಂತಿದ್ರಲ್ಲ ಇವರು. ಈಗ ಇವರಿಗೆ ಮಾಡೋಕೆ ಮಗ ಇಲ್ಲ."

"ಮತ್ತೆ ಏನ್ ಮಾಡ್ತೀರಿ?"

ಅಕ್ಕ ಜಮಖಾನದ ಅಂಚು ಸರಿಮಾಡಿದರು. "ಬೇರೆ ದಿನ ಯಾಕೆ ಕಣೇ. ಅಜ್ಜಿ ಎಲ್ಲರನ್ನೂ ಒಂದೇ ದಿನಕ್ಕೆ ಸೇರಿಸ್ಕೊಂಡಿಲ್ವಾ? ಇವರನ್ನೂ ಅಲ್ಲಿಗೇ ಸೇರಿಸ್ಕೋತೀನಿ. ಮಗನ ಪಕ್ಕ ಕೂತ್ಕೊಳ್ಳಲಿ, ನೆಲದ ಮೇಲೆ. ಮೈಕ್ ಮಾತ್ರ ಕೊಡಲ್ಲ."

ನಾನು ಏನೂ ಹೇಳದೆ ಎದ್ದು ಬಂದೆ.